ಸೋಮಣ್ಣ ಯಾಕೆ ಗುಂಡು ಹಾರಿಸಲಿಲ್ಲ

ಅರ್ಥವಾಗದ್ದನ್ನು ಅರ್ಥ ಮಾಡಿಸುವುದರಲ್ಲಿ ದೆಹಲಿ, ನೋಯ್ಡಾ, ಗುರುಗ್ರಾಮ ಮೂರನ್ನೂ ಜರಡಿ ಹಿಡಿದರೂ ನನ್ನಂಥವನು ಇನ್ನೊಬ್ಬ ಸಿಗಲಾರ. ಇದು ಜಂಬವಲ್ಲ, ನನ್ನ ಹುದ್ದೆ. ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು, ತಿಪ್ಪೇಸ್ವಾಮಿ, ಬಳಕೆದಾರರ ಕೈಪಿಡಿ ಬರೆಯುತ್ತೇನೆ. ಯಾವ ಗುಂಡಿ ಯಾಕೆ ಒತ್ತಬೇಕು, ಒತ್ತಿದರೆ ಏನಾಗುತ್ತದೆ, ಆಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ನಾನೂರು ಪುಟಗಳಲ್ಲಿ ವಿವರಿಸುವವನು. ಆ ಕೈಪಿಡಿಗಳನ್ನು ಇದುವರೆಗೆ ಯಾರೂ ಓದಿಲ್ಲ ಎಂಬುದು ನನ್ನ ಹೆಂಡತಿ ಧಾರಿಣಿಯ ವಾದ. ಇದುವರೆಗೆ ಯಾರೂ ದೂರು ಕೊಟ್ಟಿಲ್ಲ ಎಂಬುದು ನನ್ನ ವಾದ.

ಕಳೆದ ಡಿಸೆಂಬರಿನಲ್ಲಿ ನನ್ನ ಅತ್ತೆ ಇಂದಿರಮ್ಮನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಾವಣಗೆರೆಯಿಂದ ನಮ್ಮ ಮನೆಗೆ ಬಂದರು. ಒಂದು ಕಣ್ಣಿನ ಆಪರೇಷನ್ ಮುಗಿಯಿತು. ಆ ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿನಲ್ಲಿ ಪೊರೆ ಹಾಗೇ ಇತ್ತು. ಒಂದು ವಾರ ಟೀವಿಯ ಕಡೆ ತಿರುಗಲೂ ಬಾರದು ಎಂದು ಡಾಕ್ಟರು ಅಪ್ಪಣೆ ಮಾಡಿದರು. ದಿನಕ್ಕೆ ಮೂರು ಧಾರಾವಾಹಿ ನುಂಗುತ್ತಿದ್ದವರು ಎರಡೇ ದಿನಕ್ಕೆ ಸೊರಗಿದರು. ಮೂರನೆಯ ದಿನ ಬಾಲ್ಕನಿಯ ಬಿಸಿಲಿನಲ್ಲಿ ಕುಳಿತು, ಕೆಳಗೆ ಸೊಸೈಟಿಯ ಗಾರ್ಡ್ ಕೊರಿಯರ್ ಹುಡುಗರ ಜೊತೆ ಹಿಂದಿಯಲ್ಲಿ ಜಗಳವಾಡುವುದನ್ನೇ ಕಿವಿಗೊಟ್ಟು ಕೇಳತೊಡಗಿದರು.

ನನಗೆ ಇದು ಹನ್ನೊಂದು ವರ್ಷಗಳಿಂದ ಕಾಯುತ್ತಿದ್ದ ಅವಕಾಶ. ಮದುವೆಯಾದಾಗಿನಿಂದ ನನ್ನ ಬಗ್ಗೆ ಅತ್ತೆಯವರ ಅಭಿಪ್ರಾಯ ಒಂದೇ: "ಪಾಪ, ಒಳ್ಳೆಯವರು." ಇದು ಹೊಗಳಿಕೆ ಎಂದುಕೊಂಡವರು ಅಳಿಯಂದಿರಾಗಿ ನೋಡಬೇಕು. ಮಿಕ್ಸಿ ರಿಪೇರಿ ಮಾಡುತ್ತೇನೆಂದು ಬಿಚ್ಚಿ, ಮತ್ತೆ ಜೋಡಿಸಿ, ಮೂರು ಸ್ಕ್ರೂ ಮಿಗಿಸಿದವನಿಗೆ ಸಿಗುವ ಬಿರುದು ಅದು. "ನಮ್ಮಳಿಯ ಬುದ್ಧಿವಂತರು" ಎಂಬ ಒಂದು ಮಾತು ಅವರ ಬಾಯಿಂದ ಬರಲಿ ಎಂದು ನಾನು ಕಾದಷ್ಟು ಪ್ರಮೋಷನ್ನಿಗೂ ಕಾದವನಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಘೋಷಿಸಿದೆ. "ಅತ್ತೆ, ನೀವು ಟೀವಿ ನೋಡಬೇಕಾಗಿಲ್ಲ. ಟೀವಿಗೆ ಬೆನ್ನು ಮಾಡಿ ಕೂತ್ಕೊಳ್ಳಿ. ನಾನು ನೋಡಿ ಹೇಳ್ತೀನಿ. ಒಂದು ಕೊಲೆಗಾರನ ಸಿನಿಮಾ ಇದೆ, ಭಾರಿ ಬುದ್ಧಿವಂತಿಕೆಯದು. ಯಾರು, ಏನು, ಯಾಕೆ, ಎಲ್ಲ ಬಿಡಿಸಿ ಹೇಳ್ತೀನಿ."

"ನಿಮಗೆ ಅರ್ಥ ಆಗುತ್ತಾ?" ಎಂದಳು ಧಾರಿಣಿ. ಅವಳು ನೆಲದ ಮೇಲೆ ದೊಡ್ಡ ಬೋಗುಣಿ ಇಟ್ಟುಕೊಂಡು ಹಸಿ ಬಟಾಣಿ ಸುಲಿಯುತ್ತಿದ್ದಳು. ಡಿಸೆಂಬರಿನಲ್ಲಿ ಉತ್ತರ ಭಾರತದ ಹೆಂಗಸರೆಲ್ಲ ಬಟಾಣಿ ಸುಲಿಯುತ್ತಾರೆ. ಇಲ್ಲಿ ಹತ್ತು ವರ್ಷ ಇದ್ದ ಕನ್ನಡದ ಹೆಂಗಸರೂ ಸುಲಿಯುತ್ತಾರೆ.

"ಆಫೀಸಿನಲ್ಲಿ ಎಲ್ಲರೂ ಅದರ ಬಗ್ಗೆ ಮಾತಾಡ್ತಿದ್ದಾರೆ," ಎಂದೆ.

"ಅದಲ್ಲ ನಾನು ಕೇಳಿದ್ದು."

ಸಿನಿಮಾ ಹಾಕಿದೆ. ಅದು ಯೂರೋಪಿನ ಯಾವುದೋ ಚಳಿ ದೇಶದ ಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ಹೆಂಡತಿಯ ಕಣ್ಣು ಬಟಾಣಿಯ ಮೇಲೆ, ಹತ್ತು ವರ್ಷದ ಮಗಳು ಚಿನ್ಮಯಿಯ ಕಣ್ಣು ಬಣ್ಣದ ಪೆನ್ಸಿಲ್ ಮೇಲೆ. ಓದುವವನು ನಾನೊಬ್ಬನೇ. ಇಂಥ ಏಕಾಧಿಪತ್ಯ ನನಗೆ ಈ ಮನೆಯಲ್ಲಿ ಹಿಂದೆಂದೂ ದೊರೆತಿರಲಿಲ್ಲ.

ಮೊದಲ ತೊಡಕು ಹೆಸರುಗಳದು. ಕೊಲೆಗಾರನ ಹೆಸರಿನಲ್ಲಿ ಏಳು ವ್ಯಂಜನಗಳಿದ್ದವು, ಸ್ವರ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಆದ್ದರಿಂದ ಅವನಿಗೆ ಸೋಮಣ್ಣ ಎಂದು ನಾಮಕರಣ ಮಾಡಿದೆ. ಸಾಯಬೇಕಾದ ನ್ಯಾಯಾಧೀಶರು ಪಟ್ಟಾಭಿ. ಅವರ ಹೆಂಡತಿ ಕಮಲಮ್ಮ.

"ಕೇಳಿ ಅತ್ತೆ. ಪಟ್ಟಾಭಿ ದೊಡ್ಡ ನ್ಯಾಯಾಧೀಶರು. ಒಂದು ರೌಡಿ ಗುಂಪಿನ ಕೇಸಿಗೆ ಬರೋ ಶನಿವಾರ ತೀರ್ಪು ಕೊಡಬೇಕು. ಅಷ್ಟರಲ್ಲಿ ಯಾರೋ ಸೋಮಣ್ಣನಿಗೆ ಫೋನ್ ಮಾಡಿ, ಅವರನ್ನ ಮುಗಿಸು ಅಂದ್ರು. ಯಾರು ಅಂತ ತೋರಿಸಲಿಲ್ಲ. ದನಿ ಮಾತ್ರ."

"ಯಾವಾಗ ಮುಗಿಸಬೇಕಂತೆ?"

"ಭಾನುವಾರ ಬೆಳಿಗ್ಗೆ. ಅದಕ್ಕೆ ಮುಂಚೆ ಕೂದಲೂ ಕೊಂಕಬಾರದು ಅಂತ ಹೇಳಿದ್ರು. ಅದೇನೂ ಮುಖ್ಯ ಅಲ್ಲ ಬಿಡಿ."

"ತೀರ್ಪು ಶನಿವಾರ. ಸಾಯಿಸೋದು ಭಾನುವಾರ." ಅತ್ತೆಯವರು ಬೆರಳು ಮಡಿಚಿದರು. "ಆಯ್ತು, ಮುಂದೆ ಹೇಳಿ."

ಮುಂದೆ ಹೇಳಿದೆ. ಸೋಮಣ್ಣ ನ್ಯಾಯಾಧೀಶರ ಮನೆಯೆದುರು ಒಂದು ಕೋಣೆ ಬಾಡಿಗೆಗೆ ಹಿಡಿದ. ಕಿಟಕಿಯಲ್ಲಿ ಬಂದೂಕು ಇಟ್ಟುಕೊಂಡು ಕುಳಿತ. ಪಟ್ಟಾಭಿ ಗಿಡಕ್ಕೆ ನೀರು ಹಾಕುವುದನ್ನು ನೋಡಿದ. ದಿನಾ ಸಂಜೆ ಅದೇ ದನಿ ಫೋನ್ ಮಾಡಿ ಅವರು ಹೇಗಿದ್ದಾರೆ, ಹೊರಗೆ ಹೋದರಾ, ಒಬ್ಬರೇ ಹೋದರಾ ಎಂದು ವಿಚಾರಿಸುತ್ತಿತ್ತು. ನಾನು ಸೋಮಣ್ಣನ ಅಂತರಂಗಕ್ಕೆ ಇಳಿದೆ. "ಅವನ ತಮ್ಮನನ್ನ ಇದೇ ಪಟ್ಟಾಭಿ ಜೈಲಿಗೆ ಹಾಕಿದ್ದು. ಅದಕ್ಕೇ ಈ ದ್ವೇಷ."

"ಪಾಪಾ, ಯೇ ತೋ ಕಹೀಂ ಲಿಖಾ ಹೀ ನಹೀಂ," ಎಂದಳು ಚಿನ್ಮಯಿ, ತಲೆಯೆತ್ತದೆ. ಎಲ್ಲೂ ಹಾಗೆ ಬರೆದಿಲ್ಲವಂತೆ. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂಬುದನ್ನು, ಅದಕ್ಕಾಗಿಯೇ ಅವಳನ್ನು ಆ ಶಾಲೆಗೆ ಸೇರಿಸಿದವನಾದರೂ, ನಾನು ಮರೆತಿದ್ದೆ.

"ಬರೆದಿರೋಲ್ಲ ಪುಟ್ಟಿ. ಅರ್ಥ ಮಾಡ್ಕೋಬೇಕು," ಎಂದೆ. "ಈಗ ನೋಡಿ ಅತ್ತೆ, ಪಟ್ಟಾಭಿ ಬಂದೂಕು ಒರೆಸ್ತಿದ್ದಾರೆ."

"ನ್ಯಾಯಾಧೀಶರು ಬಂದೂಕು ಯಾಕೆ ಒರೆಸ್ತಾರೆ?" ಎಂದಳು ಧಾರಿಣಿ.

"ಸೋಮಣ್ಣ. ಸೋಮಣ್ಣ ಅಂದೆ."

"ನೀವು ಅಂದಿದ್ದು ಪಟ್ಟಾಭಿ. ಇದಕ್ಕೆ ಮುಂಚೆ ಕಮಲಮ್ಮ ಗಡ್ಡ ಬೋಳಿಸಿಕೊಂಡ್ರು ಅಂದ್ರಿ. ನಾನು ಏನೋ ಆ ದೇಶದ ಪದ್ಧತಿ ಅಂತ ಸುಮ್ಮನಿದ್ದೆ."

ಇಷ್ಟರ ಮೇಲೆ ನಮ್ಮ ಕೋಣೆಯಲ್ಲಿ ಹೀಟರ್ ಇತ್ತು, ಕಾಲ ಮೇಲೆ ರಜಾಯಿ ಇತ್ತು, ಹೊಟ್ಟೆಯೊಳಗೆ ಬಟಾಣಿ ಪಲಾವ್ ಇತ್ತು. ಸಿನಿಮಾದಲ್ಲಿ ಬುಧವಾರ ಶುರುವಾಗಿದ್ದು ನನಗೆ ನೆನಪಿದೆ. ಆಮೇಲೆ ಢಂ ಎಂದು ಸದ್ದಾಯಿತು, ನಾನು ಕಣ್ಣು ಬಿಟ್ಟೆ, ಸಿನಿಮಾದಲ್ಲಿ ಶುಕ್ರವಾರವಾಗಿತ್ತು.

"ಯಾರಿಗೆ ಬಿತ್ತು ಗುಂಡು?" ಅತ್ತೆಯವರು ಕೇಳಿದರು.

ಪಟ್ಟಾಭಿಯ ಮನೆಯ ಗೇಟಿನ ಬಳಿ ಒಬ್ಬ ಅಂಚೆಯವನು ಬಿದ್ದಿದ್ದ. ಚೀಲದಿಂದ ಕಾಗದಗಳು ಚೆಲ್ಲಿದ್ದವು. ಯಾಕೆ ಬಿದ್ದ, ಯಾರು ಹೊಡೆದರು, ನನಗೆ ಹೇಗೆ ಗೊತ್ತಾಗಬೇಕು? ಆದರೆ ಕೈಪಿಡಿ ಬರೆಯುವವನು ಗೊತ್ತಿಲ್ಲ ಎಂಬ ಪದವನ್ನು ಬಳಸುವಂತಿಲ್ಲ.

"ಸೋಮಣ್ಣ ಪಟ್ಟಾಭಿಗೆ ಗುರಿ ಇಟ್ಟ, ತಪ್ಪಿ ಪಾಪ ಪೋಸ್ಟ್‌ಮನ್‌ಗೆ ಬಿತ್ತು. ವಯಸ್ಸಾಗಿದೆ ಅತ್ತೆ ಅವನಿಗೆ. ಕಣ್ಣು ಮಂಜು." ಪಟ್ಟಿ ಕಟ್ಟಿಕೊಂಡವರ ಮುಂದೆ ಆಡಬಾರದ ಮಾತು ಎಂದು ಆಡಿದ ಮೇಲೆ ಹೊಳೆಯಿತು.

"ತಪ್ಪಿಲ್ಲ," ಎಂದರು ಅತ್ತೆಯವರು ಶಾಂತವಾಗಿ. "ಪೋಸ್ಟ್‌ಮನ್‌ಗೇ ಹೊಡೆದಿದ್ದು. ಅವನು ಪೋಸ್ಟ್‌ಮನ್ ಅಲ್ಲ."

ನಾನು ನಕ್ಕೆ. ವಿದ್ವಾಂಸರು ನಗುವ ಹಾಗೆ, ಮೂಗಿನಿಂದ. "ಅವನು ಖಾಕಿ ಕೋಟು ಹಾಕಿದ್ದಾನೆ ಅತ್ತೆ. ಚೀಲ ಇದೆ. ನನಗೆ ಕಾಣ್ತಿದೆ."

"ಇರಬಹುದು. ದಿನಾ ಬರ್ತಿದ್ದವನು ಸಿಳ್ಳೆ ಹಾಕ್ಕೊಂಡು, ಹಗುರ ಹೆಜ್ಜೆ ಇಟ್ಕೊಂಡು ಬರ್ತಿದ್ದ. ಇವತ್ತು ಬಂದವನದು ಭಾರದ ಬೂಟು, ಸಿಳ್ಳೆ ಇಲ್ಲ. ಗೇಟಿನ ಹತ್ರ ಬಂದು ಉಸಿರು ಹಿಡಿದು ನಿಂತ. ಕಾಗದ ಕೊಡೋನು ಉಸಿರು ಯಾಕೆ ಹಿಡೀತಾನೆ? ಅವನೂ ಕೊಲ್ಲೋಕೆ ಬಂದವನೇ."

"ಹಾಗಾದ್ರೆ ಒಬ್ಬ ಕೊಲೆಗಾರ ಇನ್ನೊಬ್ಬ ಕೊಲೆಗಾರನನ್ನ ಯಾಕೆ ಕೊಲ್ತಾನೆ?"

"ಭಾನುವಾರದ ತನಕ ನ್ಯಾಯಾಧೀಶರ ಕೂದಲೂ ಕೊಂಕಬಾರದು ಅಂತ ಹೇಳಿದ್ರಲ್ಲ, ನೀವು ಮುಖ್ಯ ಅಲ್ಲ ಅಂದ್ರಿ. ಅಲ್ಲಿತನಕ ಅವರು ಇವನ ಪಾಲಿನವರು. ಬೇರೆಯವರು ಕೈ ಹಾಕಿದ್ರೆ ಬಿಡ್ತಾನಾ?"

ಚಿನ್ಮಯಿ ಪೆನ್ಸಿಲ್ ಕೆಳಗಿಟ್ಟು ಅಜ್ಜಿಯ ಹತ್ತಿರ ಸರಿದು ಕುಳಿತಳು. ನನ್ನ ಸಾಮ್ರಾಜ್ಯದ ಪ್ರಜೆಗಳು ಗಡಿ ದಾಟುತ್ತಿದ್ದರು. ಕೂಡಲೇ ಏನಾದರೂ ಮಾಡಬೇಕಿತ್ತು.

"ಗುರಿ ಹೇಗೆ ತಪ್ಪುತ್ತೆ ಅಂತ ತೋರಿಸ್ತೀನಿ," ಎಂದು ಎದ್ದೆ. ನೆಲ ಒರೆಸುವ ಮಾಪ್ ತಂದೆ. ಸೋಫಾ ಹತ್ತಿದೆ. ಸೋಮಣ್ಣನಂತೆ ಒಂದು ಕಣ್ಣು ಮುಚ್ಚಿ ಕೋಲನ್ನು ಭುಜಕ್ಕೆ ಒತ್ತಿದೆ.

"ಪಟ್ಟಿ ಕಟ್ಟಿರೋರಿಗೆ ಅಭಿನಯ ಮಾಡಿ ತೋರಿಸ್ತೀರಾ?" ಎಂದಳು ಧಾರಿಣಿ.

ಅಷ್ಟರಲ್ಲಿ ಪರದೆಯ ಮೇಲೆ ಭಾನುವಾರ ಬೆಳಗಾಗಿತ್ತು. ತೀರ್ಪು ಮುಗಿದಿತ್ತು. ಪಟ್ಟಾಭಿ, ಕಮಲಮ್ಮ ಬಾಲ್ಕನಿಗೆ ಬಂದು ನಿಂತರು. ಸೋಮಣ್ಣ ಗುರಿಯಿಟ್ಟ. ನಾನೂ ಗುರಿಯಿಟ್ಟೆ. ಅವನ ಬೆರಳು ಬಂದೂಕಿನ ಕುದುರೆಯ ಮೇಲೆ ಹೋಯಿತು. ಅವನ ಪಕ್ಕದ ಫೋನ್ ರಿಂಗಾಯಿತು. ನಾನು ರೋಮಾಂಚನದಿಂದ ಹಿಂದಕ್ಕೆ ವಾಲಿದೆ. ಮಾಪಿನ ಹಿಂತುದಿ ಗೋಡೆಯ ಮೇಲಿದ್ದ ವೈಫೈ ಡಬ್ಬಿಗೆ ಬಡಿಯಿತು. ಡಬ್ಬಿ ತಂತಿ ಕಿತ್ತುಕೊಂಡು ಗಾಳಿಯಲ್ಲಿ ಒಂದು ಸುತ್ತು ಹೊಡೆದು ಬಟಾಣಿಯ ಬೋಗುಣಿಯ ನಟ್ಟನಡುವೆ ಬಿತ್ತು. ಬಟಾಣಿಗಳು ಹಾಲ್‌ನಿಂದ ಅಡುಗೆಮನೆಯವರೆಗೆ ಓಡಿದವು. ಟೀವಿಯಲ್ಲಿ ಒಂದು ಚಕ್ರ ಮಾತ್ರ ಸುಮ್ಮನೆ ತಿರುಗುತ್ತಿತ್ತು.

ಧಾರಿಣಿ ಬೋಗುಣಿಯನ್ನೂ ನನ್ನನ್ನೂ ನೋಡಿದಳು. "ಗುರಿ ಚೆನ್ನಾಗಿದೆ," ಎಂದಳು.

"ಏನಾಯ್ತು? ಫೋನ್ ಯಾರದ್ದು?" ಎಂದು ಅತ್ತೆಯವರು ಚಡಪಡಿಸಿದರು.

ಚಿನ್ಮಯಿ ಡಬ್ಬಿಯನ್ನು ಎತ್ತಿಕೊಂಡು ತಂತಿಗಳನ್ನು ಜೋಡಿಸುತ್ತಾ ಕುಳಿತಳು. ನಾನು ನಾಲ್ಕು ಕಾಲಿನಲ್ಲಿ ಸೋಫಾ ಕೆಳಗೆ ಬಟಾಣಿ ಆರಿಸತೊಡಗಿದೆ. ಆ ಭಂಗಿಯಲ್ಲೂ ನನ್ನ ಧರ್ಮ ಬಿಡಲಿಲ್ಲ. ಸಿನಿಮಾ ನಿಂತಿದ್ದರೇನು, ವಿವರಣೆ ನಿಲ್ಲಬಾರದು.

"ಸಿನಿಮಾ ಮುಗೀತು ಅತ್ತೆ," ಎಂದೆ ಸೋಫಾದಡಿಯಿಂದ. "ಸೋಮಣ್ಣ ಗುಂಡು ಹಾರಿಸಿದ. ಪಟ್ಟಾಭಿ ಹೋಗಿಬಿಟ್ರು. ಸಾಯುವಾಗ ಗೊತ್ತಾಯ್ತು, ಸೋಮಣ್ಣ ಅವರ ಕಳೆದುಹೋದ ಮಗ. ಕಮಲಮ್ಮ ಗೋಳಾಡ್ತಿದ್ದಾರೆ."

"ನಾನು ಗುಂಡಿನ ಸದ್ದೇ ಕೇಳಲಿಲ್ಲ."

"ಸದ್ದಾಗದ ಬಂದೂಕು."

"ಶುಕ್ರವಾರ ಢಂ ಅಂದಿತ್ತಲ್ಲ?"

ನಾನು ಬಟಾಣಿ ಎಣಿಸತೊಡಗಿದೆ.

"ನೋಡಿ ಅಳಿಯಂದಿರೇ," ಎಂದರು ಅತ್ತೆಯವರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಆ ಫೋನ್ ಮಾಡ್ತಿದ್ದಿದ್ದು ಕಮಲಮ್ಮನೇ. ಬಾಯಿಗೆ ಬಟ್ಟೆ ಇಟ್ಕೊಂಡು ಗಂಡಸಿನ ದನಿ ಮಾಡಿದ್ಲು. ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ಎಳ್ಕೊಳ್ತಾಳೆ, ಗಂಡನ ಜೊತೆ ಮಾತಾಡುವಾಗಲೂ ಹಾಗೇ. ಮತ್ತೆ ಅವರ ಊಟದ ಮನೇಲಿ ಒಂದು ಕುಂಟು ಗಡಿಯಾರ ಇದೆ. ಟಿಕ್ ಟಿಕ್ ಅಂದು, ತಡೆದು, ಟಕ್ ಅನ್ನುತ್ತೆ. ಪ್ರತಿ ಫೋನಿನ ಹಿಂದೆಯೂ ಅದೇ ಗಡಿಯಾರ."

"ಆ ಭಾಷೆಯೇ ನಿಮಗೆ ಬರೋಲ್ಲವಲ್ಲ ಅತ್ತೆ."

"ಅಮ್ಮ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ರು," ಎಂದಳು ಧಾರಿಣಿ. "ದಾವಣಗೆರೆಯಲ್ಲಿ ಯಾರು ಯಾರಿಗೆ ಸುಳ್ಳು ಹೇಳ್ತಾರೆ ಅಂತ ಬರೀ ಹಲೋ ಅನ್ನೋದರಲ್ಲೇ ಗೊತ್ತಾಗ್ತಿತ್ತು ಅವರಿಗೆ. ಹನ್ನೊಂದು ವರ್ಷದಲ್ಲಿ ನೀವು ಒಂದು ಸಲವಾದ್ರೂ ಅವರನ್ನ ಕೇಳಿದ್ದೀರಾ, ನೀವೇನು ಕೆಲಸ ಮಾಡ್ತಿದ್ರಿ ಅಂತ?"

ಕೇಳಿರಲಿಲ್ಲ. ಹನ್ನೊಂದು ವರ್ಷವೂ ನಾನು ಹೇಳುತ್ತಲೇ ಇದ್ದೆ. ನನ್ನ ಕಂಪನಿ, ನನ್ನ ಕೈಪಿಡಿ, ನನ್ನ ನಾನೂರು ಪುಟ. ಸೋಫಾದಡಿಯ ಕತ್ತಲಿನಲ್ಲಿ ನನ್ನ ಮುಖ ಬಿಸಿಯಾಯಿತು.

"ಹಾಗಾದ್ರೆ ಹೆಂಡತಿಯೇ ಗಂಡನನ್ನ ಕೊಲ್ಲಿಸೋಕೆ ಹೊರಟಿದ್ದಾ?" ಎಂದೆ, ಈ ಸಲ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

"ಕೊಲ್ಲಿಸೋಳು ದಿನಾ ಸಂಜೆ ಹೇಗಿದ್ದಾರೆ ಅಂತ ವಿಚಾರಿಸ್ತಾಳಾ? ಉಳಿಸ್ಕೊಳ್ಳೋಕೆ ಕಣ್ರೀ. ತೀರ್ಪು ಆಗೋ ತನಕ ರೌಡಿಗಳು ಅವರನ್ನ ಮುಗಿಸೋಕೆ ಕಾಯ್ತಿದ್ರು. ಪೊಲೀಸರು ಕಾವಲು ಇದ್ರೆ ಟೀ ಕುಡಿಯೋಕೆ ಹೋಗ್ತಾರೆ. ಕೊಲೆಗಾರ ಹೋಗ್ತಾನಾ? ಹಗಲೂ ರಾತ್ರಿ ಕಣ್ಣು ಮಿಟುಕಿಸದೆ ಕಾಯ್ತಾನೆ. ತೀರ್ಪು ಆಯ್ತಲ್ಲ, ಈಗ ಫೋನ್ ಮಾಡಿ ಬೇಡ ಅಂದಿರ್ತಾಳೆ. ಅದಕ್ಕೇ ಗುಂಡು ಹಾರಿಲ್ಲ."

ಧಾರಿಣಿ ಬಟಾಣಿ ಬಿಟ್ಟು ತಾಯಿಯನ್ನೇ ನೋಡುತ್ತಿದ್ದಳು. "ಎಂಥಾ ಹೆಂಗಸು," ಎಂದಳು ಮೆಲ್ಲಗೆ. ಕಮಲಮ್ಮನಿಗೆ ಹೇಳಿದ್ದೋ ಇಂದಿರಮ್ಮನಿಗೆ ಹೇಳಿದ್ದೋ ನಾನು ವಿವರಿಸಲು ಹೋಗುವುದಿಲ್ಲ.

"ಹೋ ಗಯಾ," ಎಂದಳು ಚಿನ್ಮಯಿ. ಡಬ್ಬಿಯ ಹಸಿರು ದೀಪ ಹತ್ತಿತು. ಸಿನಿಮಾ ಬಿಟ್ಟಲ್ಲಿಂದ ಶುರುವಾಯಿತು.

ಸೋಮಣ್ಣ ಫೋನ್ ಎತ್ತಿದ. ಬಂದೂಕಿನ ದುರ್ಬೀನಿನಲ್ಲಿ ಎದುರಿನ ಬಾಲ್ಕನಿ ಕಂಡಿತು. ಪಟ್ಟಾಭಿ ಬಗ್ಗಿ ಗಿಡ ನೋಡುತ್ತಿದ್ದರು. ಅವರ ಹಿಂದೆ ಕಮಲಮ್ಮ ಫೋನನ್ನು ಕಿವಿಗಿಟ್ಟುಕೊಂಡು ಸೀದಾ ಸೋಮಣ್ಣನ ಕಿಟಕಿಯನ್ನೇ ನೋಡುತ್ತಿದ್ದಳು. ಸಣ್ಣ ಉಸಿರೊಂದನ್ನು ಎಳೆದುಕೊಂಡು ತನ್ನ ಸ್ವಂತ ದನಿಯಲ್ಲಿ ಒಂದೇ ಮಾತು ಹೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಚಿನ್ಮಯಿ ಅಜ್ಜಿಗೆ ಓದಿ ಹೇಳಿದಳು. "ನಾನಿ, ಅವರು ಹೇಳ್ತಿದ್ದಾರೆ, ಕೆಲಸ ಆಯ್ತು, ನೀವು ಹೋಗಬಹುದು, ಥ್ಯಾಂಕ್ಯೂ."

ಸೋಮಣ್ಣ ಫೋನ್ ಕೆಳಗಿಟ್ಟು ನಗಲು ಶುರು ಮಾಡಿದ. ನಗುತ್ತಲೇ ಬಂದೂಕು ಬಿಚ್ಚಿ ಪೆಟ್ಟಿಗೆಗೆ ತುಂಬಿದ. ಅತ್ತೆಯವರೂ ನಕ್ಕರು. ಎರಡು ದಿನಗಳಿಂದ ಸೊರಗಿದ್ದ ಮುಖ ಅರಳಿತ್ತು.

ಸೋತವನಿಗೆ ಅದೊಂದೇ ಸಮಾಧಾನ. ಅಂಗೈ ತುಂಬ ಬಟಾಣಿ ಹಿಡಿದು ಹೊರಗೆ ತೆವಳಿ ಬಂದೆ. "ತಪ್ಪಾಯ್ತು ಅತ್ತೆ. ನಾನು ಮಧ್ಯೆ ನಿದ್ದೆ ಮಾಡಿದ್ದೆ. ಕೊನೆಯದ್ದೂ ಸುಳ್ಳು ಹೇಳಿದೆ."

"ಅಯ್ಯೋ, ಗೊರಕೆ ನನಗೆ ಕೇಳಿಸ್ತಿರಲಿಲ್ವಾ? ಬಿಡಿ. ನನಗೆ ತುಂಬಾ ಖುಷಿಯಾಯ್ತು. ನಾಳೆ ಭಾನುವಾರ, ನಿಮಗೂ ರಜಾ. ಇಂಥದ್ದೇ ಇನ್ನೊಂದು ಹಾಕಿ."

ನನ್ನ ಎದೆ ಅರ್ಧ ಅಂಗುಲ ಉಬ್ಬಿತು. "ಖಂಡಿತ ಅತ್ತೆ. ನಾಳೆ ಒಂದು ನಿಮಿಷವೂ ಮಲಗದೆ, ಒಂದೂ ಬಿಡದೆ ಹೇಳ್ತೀನಿ."

ಅತ್ತೆಯವರು ಕೈ ಚಾಚಿ, ಗಾಳಿಯಲ್ಲಿ ಹುಡುಕಿ, ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು.

"ನೀವು ಹೇಳೋದು ಬೇಡ. ಮಧ್ಯೆ ಮಾತಾಡ್ತಿದ್ರೆ ನನಗೆ ಸರಿಯಾಗಿ ಕಾಣಿಸೋದಿಲ್ಲ."