ತೊಡೆಗೆ ಡ್ರಿಪ್ಪು, ತಲೆ ಮ್ಯಾಲೆ ನೆಂಟ್ರು

ಯಾರ ಮನೇಲಾದ್ರೂ ಒಬ್ರು ಮಲಗಿದ್ರೆ ಸಾಕು, ನೋಡಕ್ಕೆ ಬಂದೋರೆಲ್ಲ ಡಾಕ್ಟ್ರಾಗ್ಬುಡ್ತಾರೆ. ನಮ್ಮ ಕುದೂರಲ್ಲಿ ಇದು ದಿನಾ ಇದ್ದದ್ದೇ. ಆದ್ರೆ ಪಕ್ಕದ್ಮನೆ ಅಜ್ಜಿಗೆ ಅವ್ಳ ನೆಂಟ್ರು ಮಾಡಿದ್ದು ನೆನೆಸ್ಕಂಡ್ರೆ ನಂಗೆ ಈಗ್ಲೂ ಮೈ ಉರೀತದೆ. ಅದ್ರ ಜೊತೆಗೆ ನಗೂನೂ ಬತ್ತದಲ್ಲ, ಅದಕ್ಕೇ ಇನ್ನೂ ಉರಿ.

ಅಜ್ಜಿಗೆ ಹೊಟ್ಟೇಲಿ ಗಡ್ಡೆ. ವಾಸಿಯಾಗಲ್ಲ ಅಂದ್ಬುಟ್ಟಿದ್ರು. ಆಸ್ಪತ್ರೇಲಿ ನರ ಸಿಕ್ದೆ ಚುಚ್ಚಿ ಚುಚ್ಚಿ ಕೈಯೆಲ್ಲ ನೇರಳೆಹಣ್ಣು ಮಾಡಿದ್ರು. "ನನ್ನ ಮಂಚದ್ ಮ್ಯಾಲೇ ಇರ್ತೀನಿ ಕಣಪ್ಪ, ಅಲ್ಲಿಗೆ ಮಾತ್ರ ಕರ್ಕಂಡೋಗ್ಬ್ಯಾಡ" ಅಂತ ಮಗನ ಕೈ ಹಿಡ್ಕಂಡು ಅತ್ಬುಟ್ಲು. ಅದಕ್ಕೇ ಒಬ್ಬ ನರ್ಸಮ್ಮ ಮನೆಗೇ ಬರೋಳು. ನರ ಹುಡ್ಕೋ ಗೋಜೇ ಇಲ್ಲ. ತೊಡೆ ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು, ಟೇಪ್ ಅಂಟ್ಸಿ, ನಿಧಾನಕ್ಕೆ ಡ್ರಿಪ್ ಬಾಟ್ಲಿನ ನೀರು ಬುಡೋಳು. ನೋವಿನ ಔಷಧೀನೂ ಹಂಗೇ, ಹೊಟ್ಟೆ ಚರ್ಮಕ್ಕೆ ಇನ್ನೊಂದು ಸೂಜಿ. ಅಜ್ಜಿ ನರಳೋದು ನಿಂತಿತ್ತು. ನೆಂಟ್ರಿಗೆ ಅದೇ ತಡೀಲಿಲ್ಲ.

ಕಾಲುವೆ

ಮೊದ್ಲು ಬಂದಿದ್ದು ಅಜ್ಜಿಯ ಚನ್ನಪಟ್ಟಣದ ಅಳಿಯ. ಕೈಲಿ ಬ್ರೆಡ್ಡು, ಬಾಯಲ್ಲಿ ಉಪದೇಶ.

"ಡ್ರಿಪ್ಪು ಅಂದ್ರೆ ಕೈಗೆ ಹಾಕ್ಬೇಕಮ್ಮ. ತೊಡೆಗೆ ಹಾಕಿದ್ರೆ ನೀರೆಲ್ಲ ಪಾದಕ್ಕೆ ಇಳ್ದೋಯ್ತದೆ!"

"ಇಲ್ಲ ಸಾರ್, ಮೈಯೇ ಹೀರ್ಕಳುತ್ತೆ" ಅಂದ್ಲು ನರ್ಸಮ್ಮ.

ಅಳಿಯ ನಂಬ್ನಿಲ್ಲ. ಅವ್ಳು ಅತ್ಲಾಗೆ ಹೋಗಿದ್ದೇ ತಡ, ಮನೇಲಿದ್ದ ದಿಂಬೆಲ್ಲ ತಂದು ಅಜ್ಜಿ ಕಾಲಡಿಗೆ ಪೇರ್ಸಿ, ಕಾಲು ಮ್ಯಾಕ್ಕೆ ತಲೆ ಕೆಳಕ್ಕೆ ಮಾಡ್ಬುಟ್ಟ. ನೀರು ಎದೆ ಕಡೀಕೆ ಹರೀಲಿ ಅಂತ! ನಾನು ಒಂದೊಂದೇ ದಿಂಬು ಕಿತ್ತು ಬಿಸಾಕ್ತಾ ಅಂದೆ, "ಅಳಿಯಂದ್ರೇ, ಇದು ನಿಮ್ಮ ಗದ್ದೆ ಅಲ್ಲ, ನಿಮ್ಮತ್ತೆ."

ಬಸ್ಸಿಗೆ ಟೈಮಾಯ್ತು

ಆಮ್ಯಾಕೆ ಬಂದ್ಲು ಅಜ್ಜಿ ಸೊಸೆಯ ಅಕ್ಕ, ಕನಕಪುರದೋಳು. "ಬಾಟ್ಲು ಮುಗಿಯೋಗಂಟ ಇದ್ದು ಹೋಯ್ತೀನಿ, ಅರ್ಧಕ್ಕೆ ಎದ್ದೋದ್ರೆ ಚೆಂದಾಗಿರಲ್ಲ" ಅಂದ್ಲು. ಎಷ್ಟು ಒಳ್ಳೇ ಮನಸು ಅಂದ್ಕಂಡೆ. ಆದ್ರೆ ಅದು ತೊಟ್ಟು ತೊಟ್ಟು ಇಳಿಯೋ ಬಾಟ್ಲು. ಬಸ್ಸಿಗೆ ಟೈಮಾಯ್ತು. ಈ ಮಾರಾಯ್ತಿ ಪೈಪಲ್ಲಿ ನೀರು ಹೆಚ್ಚುಕಮ್ಮಿ ಮಾಡೋ ಗಾಲಿ ಪೂರಾ ತಿರುಗ್ಸಿ, ನಲ್ಲಿ ಬುಟ್ಟಂಗೆ ಬುಟ್ಬುಟ್ಲು. ತೊಡೆ ಊದಿ ಕುಂಬಳಕಾಯಿ! ಹೆದರ್ಕಂಡು ಹರಳೆಣ್ಣೆ ಸುರಿದು ತಿಕ್ಕಿದ್ಲು ನೋಡಿ, ಟೇಪೂ ಜಾರ್ತು, ಸೂಜೀನೂ ಆಚೆ ಬಂತು.

ನರ್ಸಮ್ಮ ಬಂದೋಳು ಕೆಂಡ ಆದ್ಲು. "ಒಸಿ ಊದೋದು ಸಹಜ, ತಾನೇ ಇಳಿಯುತ್ತೆ. ಆದ್ರೆ ಇನ್ನೊಂದ್ಸಲ ಯಾರಾದ್ರೂ ಸೂಜಿ ಕಿತ್ರೆ ನಾನು ಬರಲ್ಲ. ಆಸ್ಪತ್ರೆಗೇ ಸೇರ್ಸ್ಕಳಿ!" ಆಸ್ಪತ್ರೆ ಅಂದಿದ್ದೇ ಅಜ್ಜಿ ಕಣ್ಣಲ್ಲಿ ನೀರು.

ಅಕ್ಕನ್ ಬಸ್ಸೂ ಹೋಗಿತ್ತು. ಎಣ್ಣೆಗೈ ತೊಳ್ಕಂಡು ನಮ್ಮನೇಲೇ ಮುದ್ದೆ ಉಂಡು, "ಸಾರಿಗೆ ಉಪ್ಪು ಕಮ್ಮಿ" ಅಂದ್ಲು.

ತಾತನ ಮೊಳೆ

ಹೊಸ್ದಾಗಿ ಸೂಜಿ ಇಟ್ಟು, ಬಾಟ್ಲು ಯಾರ ಕೈಗೂ ಎಟುಕ್ದಂಗೆ ಎತ್ತರಕ್ಕೆ ಕಟ್ಟಿ ಅಂದಿದ್ಲು ನರ್ಸಮ್ಮ. ಆ ಗೋಡೇಲಿದ್ದಿದ್ದು ಒಂದೇ ಮೊಳೆ, ಸತ್ತೋಗಿರೋ ತಾತನ ಫೋಟೋದು. ಸೊಸೆ ಅದಕ್ಕೆ ಬಾಟ್ಲು ನೇತಾಕಿ, ಫೋಟೋನ ಹಾರದ ಸಮೇತ ಅಜ್ಜಿ ತಲೆದೆಸೆಗೆ ಸ್ಟೂಲ್ ಮ್ಯಾಲಿಟ್ಲು. ಸೋಮವಾರ ಅಂತ ಮುಂದೆ ದೀಪಾನೂ ಹಚ್ಚಿದ್ಲು.

ಆಗ ಬಂದ್ಲು ಪಕ್ಕದೂರು ಕಲ್ಯದಿಂದ ಅಜ್ಜಿ ನಾದಿನಿ. ಬಾಗ್ಲಲ್ಲೇ ನಿಂತು ನೋಡಿದ್ಲು. ದೀಪ, ಹಾರ, ಕಣ್ಮುಚ್ಚಿ ಮಲಗಿರೋ ಅಜ್ಜಿ. ಫೋಟೋದಲ್ಲಿ ಮೀಸೆ ಐತಾ ಇಲ್ವಾ ಅಂತಾನಾದ್ರೂ ನೋಡ್ಬ್ಯಾಡ್ವಾ? ಎದೆ ಬಡ್ಕಂಡು ಶುರು ಹಚ್ಕಂಡ್ಲು:

"ಅಯ್ಯೋ ನನ್ನತ್ತಿಗೇ... ಹೊಂಟೋದ್ಯಾ ತಾಯೀ! ನಿನ್ನಂಥ ಕೈರುಚಿ ಇನ್ಯಾರಿಗೈತೆ! ಹಬ್ಬಹಬ್ಬಕ್ಕೂ ಕರ್ದು ಸೀರೆ ಉಡುಸ್ದೋಳೇ! ಚಿನ್ನದಂಥ ಮನಸೋಳೇ!"

ನಾನು "ಏ ಅಮ್ಮಯ್ಯಾ, ನಿಲ್ಸೇ" ಅಂತ ಓಡಿದ್ರೆ ನನ್ನೇ ತಳ್ಳಿದ್ಲು. "ಹೆಣಕ್ಯಾಕ್ರೋ ಸೂಜಿ ಚುಚ್ಚಿದ್ದೀರಾ, ಪಾಪಿಗಳಾ!" ಅಂತ ತೊಡೆ ಮ್ಯಾಲಿನ ಟೇಪಿಗೇ ಕೈ ಹಾಕಿದ್ಲು.

ಅಷ್ಟ್ರಲ್ಲಿ ಅಜ್ಜಿ ಕೈ ಬಂದು ನಾದಿನಿ ಮಣಿಕಟ್ಟು ಗಬಕ್ಕನೆ ಹಿಡೀತು. ಕಣ್ಣು ಬುಟ್ಟು ಅಂದ್ಲು:

"ಸೂಜಿ ಮುಟ್ಟಿದ್ರೆ ನೀನೇ ಮೊದ್ಲು ಹೊಂಟೋಯ್ತೀಯ. ನಾನು ಮದುವೆಯಾಗಿ ಬಂದಾಗಿಂದ ನನ್ ಸಾರು ಚೆಂದಾಗೈತೆ ಅಂತ ಒಂದ್ಸಲಾನೂ ಅಂದೋಳಲ್ಲ ನೀನು. ಕುಂತ್ಕೋ. ಬಾಟ್ಲು ಮುಗಿಯೋಗಂಟ ಅಳು, ಕೇಳ್ತೀನಿ."