ಎರಡು ಬೆರಳು ದೂರ ನಡೆಯಲಾರದ ರಂಜಕ ಮಹಾಶಯರಿಗೆ

ಶ್ರೀಮಾನ್ ರಂಜಕ (ಫಾಸ್ಫರಸ್) ಮಹಾಶಯರಿಗೆ,
ಮೊಕ್ಕಾಂ: ನಮ್ಮ ಎರಡೆಕರೆ ಕಡಲೆ ಹೊಲ, ಮೇಲ್ಮಣ್ಣು, ಕೋಡ್ಲಾ ರಸ್ತೆ, ಸೇಡಂ ತಾಲ್ಲೂಕು.

ಮಾನ್ಯರೇ,

ಹಡಗಿನಲ್ಲಿ ಸಮುದ್ರ ದಾಟಿ, ಗೂಡ್ಸ್ ರೈಲಿನಲ್ಲಿ ವಾಡಿ ಜಂಕ್ಷನ್ ದಾಟಿ, ಕೊನೆಗೆ ಡಿಎಪಿ ಗೊಬ್ಬರದ ಚೀಲದೊಳಗೆ ಕುಳಿತು ನನ್ನ ಹೆಗಲ ಮೇಲೆಯೇ ನಮ್ಮ ಹೊಲಕ್ಕೆ ದಯಮಾಡಿಸಿದ ತಮ್ಮ ಪಾದಗಳಿಗೆ, ಪಾದಗಳಿದ್ದಲ್ಲಿ, ಅನಂತ ನಮಸ್ಕಾರಗಳು. ಅವು ಇವೆಯೋ ಇಲ್ಲವೋ ಎಂಬ ಸಂಶಯ ಬಂದಿರುವುದರಿಂದಲೇ ಈ ಬಹಿರಂಗ ಪತ್ರ. ಸಾವಿರಾರು ಮೈಲಿ ಬಂದ ತಾವು ನನ್ನ ಕಡಲೆ ಗಿಡದ ಬೇರು ಇನ್ನು ಎರಡೇ ಬೆರಳು ದೂರವಿದೆ ಎನ್ನುವಾಗ ಕುಳಿತುಬಿಟ್ಟಿರಿ.

ನಾನು ಶಂಕರಲಿಂಗ, ಪ್ರೌಢಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕ. ಸೇಡಂನಿಂದ ಚಿಂಚೋಳಿವರೆಗೆ ಎಲ್ಲಿ ಬಸ್ಸಿಳಿದರೂ ಒಬ್ಬರಾದರೂ 'ನಮಸ್ಕಾರ ಸರ್' ಅನ್ನುತ್ತಾರೆ. ಅನ್ನದವಳು ನನ್ನ ಹೆಂಡತಿ ದಾನಮ್ಮ ಒಬ್ಬಳೇ; ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು 'ಏನ್ರಿ' ಎನ್ನುವುದರಾಚೆ ಒಂದು ಹೆಜ್ಜೆ ಇಟ್ಟಿಲ್ಲ. ಈ ಸಲ ಬಿತ್ತುವ ಮುಂಚೆ ತಮ್ಮನ್ನು ಹೊಲದ ತುಂಬ ಎರಚೋಣವೆಂದೆ. ತಿಪ್ಪೆ ಗೊಬ್ಬರದಲ್ಲಿ ಕಲಸಿ ಬೀಜದ ಸಾಲಿನಲ್ಲೇ ಇಡಬೇಕೆಂದಳು. ಹೊಲವನ್ನು ಅರ್ಧರ್ಧ ಮಾಡಿಕೊಂಡು ಪಂದ್ಯ ಕಟ್ಟಿದೆವು. ನಾನು ಗೆದ್ದರೆ ಅವಳು ಊರವರೆದುರು ನನ್ನನ್ನು 'ಸರ್' ಎಂದು ಕರೆಯಬೇಕು. ಅವಳು ಗೆದ್ದರೆ ಕಡಲೆ ಹುಳಿ ಹಿಡಿಯುವ ಕೆಲಸ, ಅಂದರೆ ಸಂಜೆ ಗಿಡಗಳ ಮೇಲೆ ಹಳೆಯ ಸೀರೆ ಹಾಸಿ, ಇಬ್ಬನಿಯೊಡನೆ ಅದು ಹೀರಿಕೊಂಡ ಎಲೆಯ ಹುಳಿಯನ್ನು ಬೆಳಗ್ಗೆ ಹಿಂಡಿ ಸೀಸೆ ತುಂಬುವ ಕೆಲಸ, ಹಂಗಾಮು ಮುಗಿಯುವ ತನಕ ನನ್ನದು.

ತಮ್ಮ ಮೇಲಿನ ಭರವಸೆಯಿಂದ ಊರ ಕಟ್ಟೆಯ ಮೇಲೆ ಒಂದು ಪ್ರಯೋಗವನ್ನೇ ಏರ್ಪಡಿಸಿದೆ. ಗಾಜಿನ ಲೋಟದಲ್ಲಿ ನೀರು, ನೀರಿನಲ್ಲಿ ತಮ್ಮ ಹತ್ತು ಕಾಳು. ಒಂದು ಚಹಾ ಮುಗಿಯುವುದರೊಳಗೆ ತಾವು ಬಹುಪಾಲು ಕರಗಿದಿರಿ, ಚಪ್ಪಾಳೆಯೂ ಬಿತ್ತು. ಆಗ ದಾನಮ್ಮ, "ಅದು ಕ್ಯಾನಿನ ಫಿಲ್ಟರ್ ನೀರು ಅದರಿ. ಹೊಲದಾಗ ಭೀ ಕ್ಯಾನ್ ಸುರೀತೀರೇನ್?" ಎಂದವಳೇ ನಮ್ಮ ಬಾವಿಯ ನೀರನ್ನು ಅದೇ ಲೋಟಕ್ಕೆ ಸುರಿದಳು. ಆ ನೀರಿನಲ್ಲಿದ್ದ ಸುಣ್ಣವನ್ನು ಕಂಡದ್ದೇ ತಡ, ತಾವು ಅದನ್ನು ತಬ್ಬಿಕೊಂಡು, ಮಜ್ಜಿಗೆಯ ಹಾಗೆ ಬೆಳ್ಳಗಾಗಿ, ತಳಕ್ಕೆ ಹೋಗಿ ಕುಳಿತಿರಿ. ಮೊದಲು ನಕ್ಕವನು ನನ್ನ ಶಿಷ್ಯ ಖಂಡಪ್ಪ. ಅವನನ್ನು ಹತ್ತನೇ ತರಗತಿ ಪಾಸು ಮಾಡಿಸಲು ನಾನು ಪಟ್ಟ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಮ್ಮ ನಿಷ್ಠೆಯನ್ನು ಮಾತ್ರ ಮೆಚ್ಚಲೇಬೇಕು. ನಮ್ಮ ಮನೆಯ ನೆಲ ಶಹಾಬಾದಿನ ಸುಣ್ಣಗಲ್ಲು, ಮಗ್ಗುಲಲ್ಲಿ ಸಿಮೆಂಟ್ ಕಾರ್ಖಾನೆ, ನಡುವಿನ ಹೊಲದಲ್ಲಿ ಸುಣ್ಣಕ್ಕೇನು ಬರ! ಮಣ್ಣಿನ ತೇವ ಹೀರಿ ಒಂದೆರಡು ದಿನದಲ್ಲೇ ಕರಗುತ್ತೀರಿ, ಬೆರಳಗಲ ಹರಡುತ್ತೀರಿ, ಅಷ್ಟರಲ್ಲಿ ಸುಣ್ಣಪ್ಪನವರು ಸಿಕ್ಕಿ ಅವರ ಮನೆಯಳಿಯರಾಗುತ್ತೀರಿ. ಮೊದಮೊದಲು ಬೇರು ಕರೆದರೆ ಓಗೊಡುವಷ್ಟು ಸಡಿಲವಾಗಿದ್ದು, ವರ್ಷ ಕಳೆದಂತೆ ಕಲ್ಲೇ ಆಗಿಬಿಡುತ್ತೀರಿ. ಆದ್ದರಿಂದ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಮಾವನವರಾದ ಸುಣ್ಣಪ್ಪನವರನ್ನು ನಿಯೋಜನೆಯ ಮೇಲೆ ಕಾರ್ಖಾನೆಗೆ ಕಳಿಸಿಕೊಡಬೇಕು, ಇಲ್ಲವೇ ತಾವು ವಾರಕ್ಕೊಂದು ಬೆರಳಿನಂತೆ ನಡಿಗೆ ಅಭ್ಯಾಸ ಮಾಡಬೇಕು. ಮೊಣಕಾಲು ನೋವಿದ್ದರೆ ತಿಳಿಸಿ, ಬೇರಿನ ತನಕ ಆಟೋ ಮಾಡಿಕೊಡುತ್ತೇನೆ.

ಕಾಯಿ ಹಿಡಿಯುವ ಹೊತ್ತಿಗೆ ಖಂಡಪ್ಪ ಎರಡೂ ಕಡೆಯಿಂದ ಒಂದೊಂದು ಗಿಡ ಕಿತ್ತು ಎತ್ತಿ ಹಿಡಿದ. ನನ್ನದು ಗೇಣುದ್ದ, ದಾನಮ್ಮನದು ಟೊಂಗೆ ಟೊಂಗೆಗೂ ಕಾಯಿ. ಮೇಲ್ಮಣ್ಣು ಒಣಗಿ ಬೇರುಗಳು ತೇವ ಹುಡುಕುತ್ತ ಕೆಳಗಿಳಿದಾಗ ನನ್ನ ಕಡೆ ತಾವು ಮೇಲೆಯೇ ಉಳಿದಿರಿ. ಅವಳ ಕಡೆ ಬೇರಿನ ಪಕ್ಕದಲ್ಲೇ ಇದ್ದಿರಿ. ಗೊಬ್ಬರ ಕೊಳೆತ ಹುಳಿಯೂ ಕಡಲೆ ಬೇರು ಬಿಡುವ ಹುಳಿಯೂ ಸೇರಿ ತಮ್ಮನ್ನು ಸುಣ್ಣದ ತೆಕ್ಕೆಯಿಂದ ಬಿಡಿಸಿದವು. ಇದೆಲ್ಲ ನನಗೆ ಗೊತ್ತಿದ್ದ ವಿಜ್ಞಾನವೇ, ಗೊತ್ತಿದ್ದೂ ಕ್ಯಾನಿನ ನೀರು ತಂದೆ. ನಿಜಕ್ಕೂ ಬೇಸರವಾಯಿತು. 'ಸರ್' ಎನ್ನುವ ಒಂದು ಮಾತಿಗೆ ನಾನು ಅಷ್ಟು ಆಸೆಪಟ್ಟಿದ್ದೆ ಎಂಬುದು ಸೋತ ಮೇಲೆಯೇ ತಿಳಿಯಿತು.

ಇಂತಿ, ಒದ್ದೆ ಸೀರೆ ಹಿಂಡಿ ಹಿಂಡಿ ಬೆರಳು ಸೆಟೆದಿರುವ,
ತಮ್ಮ ವಿಶ್ವಾಸಿ (ತಾವು ವಿಶ್ವಾಸಕ್ಕೆ ಅರ್ಹರಲ್ಲದಿದ್ದರೂ),
ಶಂಕರಲಿಂಗ

ವಿ.ಸೂ.: ಇಂದು ಬೆಳಗ್ಗೆ ಮೊದಲ ಸಲ ಸೀಸೆ ತುಂಬಿತು. ಖಂಡಪ್ಪನೂ ಕಟ್ಟೆಯ ಮಂದಿಯೂ ನಿಂತಿದ್ದಂತೆಯೇ ದಾನಮ್ಮ ಒಂದು ಹನಿ ನಾಲಿಗೆಗಿಟ್ಟು, ಹುಳಿಗೆ ಕಣ್ಣು ಮುಚ್ಚಿ ತೆರೆದು, "ಭಾಳ ಛಲೋ ಹಿಂಡೀರಿ ನೋಡ್ರಿ, ಸರ್" ಎಂದಳು. ಮೂವತ್ತೊಂದು ವರ್ಷ ತಡವಾದರೂ ಆ ಮಾತು ಬಂದು ತಲುಪಿತು. ತಾವಿನ್ನೂ ಅಲ್ಲೇ ಕುಳಿತಿದ್ದೀರಿ.