ಉಪವಾಸದ ಮನೆಗೆ ಬಂದ ರಕ್ತಪಿಶಾಚಿ

"ಈ ಸಲ ಕ್ರಿಸ್‌ಮಸ್ ಬರೋವರೆಗೂ ಉಪವಾಸ, ಮಾಂಸದ ವಾಸನೆ ಕೂಡ ಮೂಸಲ್ಲ!" ಎಂದು ವುಕೋಮನ್ ಮೊರಾವಾ ನದಿ ದಂಡೆಯ ತನ್ನ ಹಳ್ಳಿಗೆಲ್ಲ ಡಂಗುರ ಸಾರಿಬಿಟ್ಟಿದ್ದ. ಪಾದ್ರಿಗಳಂತೂ ತುಂಬಿದ ಚರ್ಚಿನಲ್ಲಿ ಅವನ ಹೆಸರೆತ್ತಿ ಹೊಗಳಿದ್ದರು. ಅವನು ಬರೀ ಕಾಳಿನ ಸಾರು ಕುಡಿಯುವ ಗಾಂಭೀರ್ಯ ಕಂಡರೆ ಸಂತರೂ ನಾಚಬೇಕು!

ಆದರೆ ಹಬ್ಬಕ್ಕೆಂದು ಉಗ್ರಾಣದಲ್ಲಿ ನೇತುಹಾಕಿದ್ದ, ಹೊಗೆಯಲ್ಲಿ ಒಣಗಿಸಿದ ಹಂದಿಯ ತೊಡೆ ದಿನದಿನಕ್ಕೆ ಬಡವಾಗತೊಡಗಿತು. ಉಪವಾಸ ಹಿಡಿದಿರುವುದು ಗಂಡನೋ ತೊಡೆಯೋ ಎಂದು ಹೆಂಡತಿ ಸ್ತಾಮೆಂಕಾಗೆ ಗುಮಾನಿ.

"ರೀ, ಇದೇನ್ರೀ ಹೀಗೆ ಸವೀತಿದೆ?"

"ಇಲಿ ಇರ್ಬೇಕು ಕಣೇ."

"ಇಲಿ ಚಾಕು ಹಿಡ್ಕೊಂಡು ತೆಳ್ಳಗೆ ಕುಯ್ಯುತ್ತಾ?"

ಟೀವಿಯಲ್ಲಿ ಕಂಡ ಸಿನಿಮಾ ವುಕೋಮನ್‌ನ ಕೈಹಿಡಿಯಿತು. "ಹಾಗಾದ್ರೆ ರಕ್ತಪಿಶಾಚಿನೇ! ಬಿಳುಚಿದ ಮುಖ, ಕಡ್ಡಿ ಮೈ, ಕರೀ ನಿಲುವಂಗಿ..."

ಒಲೆಯ ಮುಂದೆ ಉಣ್ಣೆ ನೂಲುತ್ತಿದ್ದ ಅವನ ತಾಯಿ ಪೆರ್ಸಿದಾ ತಲೆಯೆತ್ತಿದಳು. "ಆ ಸಿನಿಮಾ ಪಿಶಾಚಿ ಹೊರದೇಶದವರು ನಮ್ಮಿಂದ ಒಯ್ದು, ಸೂಟು ಹೊಲಿಸಿ ವಾಪಸ್ ಕಳಿಸಿದ್ದು ಕಣೋ! ನಮ್ಮ ಅಸಲಿ ಪಿಶಾಚಿಗೆ ಡೊಳ್ಳುಹೊಟ್ಟೆ, ಕೆಂಪು ಮೂತಿ. ಕಂಡವರ ಮನೆಗೆ ಹೋಗಲ್ಲ, ಸತ್ತ ಮೇಲೂ ತನ್ನ ಮನೆಗೇ ಬರುತ್ತೆ."

ಸ್ತಾಮೆಂಕಾ ಗಂಡನ ಹೊಟ್ಟೆಯನ್ನೊಮ್ಮೆ, ಕೆನ್ನೆಯನ್ನೊಮ್ಮೆ ನೋಡಿದಳು. ವುಕೋಮನ್ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡ.

"ಉಗ್ರಾಣದ ಹೊಸಿಲಿಗೆ ನವಣೆ ಚೆಲ್ಲಮ್ಮಾ," ಎಂದಳು ಅತ್ತೆ. "ಕಾಳೆಲ್ಲ ಎಣಿಸಿ ಮುಗಿಸದೆ ಪಿಶಾಚಿ ಒಳಗೆ ಕಾಲಿಡಲ್ಲ."

"ಧಾರಾಳವಾಗಿ ಚೆಲ್ಲಿ!" ಎಂದ ವುಕೋಮನ್. ಕಾಳು ತಡೆಯುವುದು ಪಿಶಾಚಿಯನ್ನು ತಾನೆ? ತನಗೇನು!

ಮರುದಿನ ಪಾದ್ರಿಗಳು ಮನೆಮನೆಯಲ್ಲೂ ನೀರು ಮಂತ್ರಿಸುತ್ತ ಇವರ ಅಂಗಳಕ್ಕೂ ಬಂದರು. ಆಗಷ್ಟೇ ಉಗ್ರಾಣ ಹೊಕ್ಕಿದ್ದ ವುಕೋಮನ್ ಬಾಯೊರೆಸಿಕೊಂಡು, ಉಣ್ಣೆಯ ಕಾಲುಚೀಲದಲ್ಲೇ ಓಡಿಬಂದು, ಪರಮ ಭಕ್ತನಂತೆ ತಲೆಬಾಗಿ ನಿಂತ.

ಮೊದಲು ಹುಂಜ ಬಂತು. ಹಿಂದೆಯೇ ಕೋಳಿಗಳ ಇಡೀ ಸೈನ್ಯ! ಎಲ್ಲವೂ ಅವನ ಕಾಲನ್ನೇ ಕುಕ್ಕತೊಡಗಿದವು. ಕಾಲುಚೀಲದ ತುಂಬ ಹೊಸಿಲಿನ ನವಣೆ ಅಂಟಿತ್ತು!

"ಏನಪ್ಪಾ, ಕೋಳಿಗಳಿಗೆ ನಿನ್ನ ಮೇಲೆ ಇಷ್ಟು ಪ್ರೀತಿ?" ಎಂದರು ಪಾದ್ರಿಗಳು.

"ಉಪವಾಸದ ತೇಜಸ್ಸು ಗುರುಗಳೇ... ಅಯ್ಯೋ!" ಹುಂಜ ಹಿಮ್ಮಡಿಗೇ ಕುಕ್ಕಿತ್ತು. ವುಕೋಮನ್ ಹಾರಿದ. ಕಂಕುಳಲ್ಲಿ ಅವಿತಿದ್ದ ಮಾಂಸದ ತುಂಡು ಜಾರಿ, ಮಂತ್ರಿಸಿದ ನೀರಿನ ಪಾತ್ರೆಯೊಳಗೆ ದೊಪ್ಪನೆ ಬಿತ್ತು!

ಪಾದ್ರಿಗಳ ಗಡ್ಡದಿಂದ ನೀರು ತೊಟ್ಟಿಕ್ಕಿತು. ಸ್ತಾಮೆಂಕಾ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಪಿಶಾಚಿ ಸಿಕ್ಕಿತು ಅತ್ತೆ!"

ಪೆರ್ಸಿದಾ ಶಿಲುಬೆ ಗುರುತು ಹಾಕಿಕೊಂಡು ನಿಟ್ಟುಸಿರಿಟ್ಟಳು. "ಪಿಶಾಚಿ ಅನ್ನಬೇಡವೇ, ಪಾಪ ಬರುತ್ತೆ. ಅದು ಕಾಳು ಎಣಿಸೋ ಮರ್ಯಾದೆಯಾದ್ರೂ ಇಟ್ಕೊಂಡಿರುತ್ತೆ!"